ಪಂಕ್ತಿಭೇದವಿಲ್ಲದ ಕಿವಿ

ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರ ಹಿಂದೂಸ್ತಾನಿ ಗಾಯನ, ಅಡುಗೆಯ ಹೊತ್ತಿಗೆ ರಾಜನ್–ನಾಗೇಂದ್ರರ ಚಿತ್ರಗೀತೆ, ರಾತ್ರಿ ಜಾಝ್. ನನ್ನ ಕಿವಿಗೆ ಪಂಕ್ತಿಭೇದ ಗೊತ್ತಿಲ್ಲ. ಇವೆಲ್ಲ ಒಂದೇ ಎಲೆಯಲ್ಲಿ ಕಲೆತು ರುಚಿಯಾಗುತ್ತವೆ ಎಂದು ತೋರಿಸಿಕೊಟ್ಟವರು ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರು.

ನಾಗಸ್ವರದ ಮನೆಯಲ್ಲಿ ಹುಟ್ಟಿದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಕೀಲಿ ಒತ್ತಿದಲ್ಲಿಗೆ ಒಂದೊಂದೇ ಸ್ವರವನ್ನು ನಿಲ್ಲಿಸುವ ವಾದ್ಯ ಅದು. ಕರ್ನಾಟಕ ಸಂಗೀತದ ಗಮಕಕ್ಕೆ ಬೇಕಾದದ್ದು ಸ್ವರದಿಂದ ಸ್ವರಕ್ಕೆ ಜಾರುವ ದಾರಿ. ಆ ದಾರಿಯನ್ನು ಅವರು ತುಟಿಯ ಬಿಗಿಯಲ್ಲಿ, ಉಸಿರಿನ ಏರಿಳಿತದಲ್ಲಿ ಹುಡುಕಿಕೊಂಡರು, ವರ್ಷಗಳೇ ಹಿಡಿದವು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅದೇ ವರ್ಷ ತಮಿಳಿನ ‘ಡ್ಯುಯೆಟ್’ ಚಿತ್ರದಲ್ಲಿ, ಎ.ಆರ್. ರೆಹಮಾನ್ ಸಂಗೀತದಲ್ಲೂ ಅವರದೇ ಉಸಿರು.

ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಅವರ 2008ರ ಆಲ್ಬಂ ‘ಕಿನ್ಸ್‌ಮೆನ್’. ಜೊತೆಗೆ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ, ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಡ್ರಮ್ಸ್. ಕದ್ರಿ, ರುದ್ರೇಶ್ ಇಬ್ಬರ ಕೈಯಲ್ಲೂ ಇರುವುದು ಆಲ್ಟೋ ಸ್ಯಾಕ್ಸೋಫೋನೇ. ಆದರೂ ಕಣ್ಣು ಮುಚ್ಚಿ ಕೇಳಿದರೆ ತಿಳಿಯುತ್ತದೆ: ಕದ್ರಿಯವರು ಸ್ವರವನ್ನು ತೂಗಿ ತೂಗಿ ತರುತ್ತಾರೆ, ರುದ್ರೇಶ್ ಚೂಪಾಗಿ ಚಿಮ್ಮಿಸುತ್ತಾರೆ. ಇಬ್ಬರೂ ಒಟ್ಟಿಗೆ ಏರಿದಾಗ ಮಾತ್ರ ಯಾರದು ಯಾವುದೆಂದು ಹುಡುಕುವುದನ್ನೇ ಬಿಟ್ಟುಬಿಡುತ್ತೇನೆ.