ವೈಂಡಿಂಗ್ ಅಪ್ ಅಂದ್ರೆ ಮೇಲೆ ಬರೋದಾ?

ಇಂಗ್ಲಿಷ್ ಕಲಿಸೋ ನಮ್ಮ ವಿಧಾನದ ಬಗ್ಗೆ ನನಗೊಂದು ತಕರಾರಿದೆ. ಪಾಠದ ಕೊನೆಗೆ 'ಪದಗಳ ಅರ್ಥ' ಅಂತ ಪಟ್ಟಿ. ಎಡಗಡೆ ಒಂದು ಪದ, ಬಲಗಡೆ ಒಂದೇ ಅರ್ಥ. ಬಾಯಿಪಾಠ ಮಾಡಿದ್ರೆ ಪರೀಕ್ಷೆಗೆ ಸಾಕು, ಬದುಕಿಗೆ ಸಾಲಲ್ಲ. ಯಾಕಂದ್ರೆ ಪದಕ್ಕೆ ಅರ್ಥ ಬರೋದು ಅದನ್ನ ಯಾವ ಕಸುಬಿನವರು, ಯಾರಿಗೆ ಹೇಳ್ತಿದ್ದಾರೆ ಅನ್ನೋದರಿಂದ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ. ಕೋರಮಂಡಲ್, ಉರಿಗಾಂ ದಾಟಿದ್ರೆ ಚಾಂಪಿಯನ್ ರೀಫ್ ಕಡೆ ಹೋಗ್ತೀರಿ. ಪಟ್ಟಿ ಪ್ರಕಾರ ರೀಫ್ ಅಂದ್ರೆ ಸಮುದ್ರದೊಳಗಿನ ಬಂಡೆಸಾಲು. ಕೆಜಿಎಫ್‌ನಲ್ಲಿ ಎಲ್ಲಿಯ ಸಮುದ್ರ? ಗಣಿಯವರ ಮಾತಲ್ಲಿ ಅದು ಚಿನ್ನ ಇರೋ ಕಲ್ಲಿನ ಪದರ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಆ ಗಣಿಗೆ ಇಳಿದವರಿಗೆ ಇದನ್ನ ಯಾರೂ ಬೋರ್ಡ್ ಮೇಲೆ ಬರೆದು ತೋರಿಸಬೇಕಿರಲಿಲ್ಲ.

ಅದೇ ಗಣಿಯಲ್ಲಿ ವೈಂಡಿಂಗ್ ಅಂದ್ರೆ ಉಕ್ಕಿನ ಹಗ್ಗ ಸುತ್ತಿ ಕೇಜನ್ನ ಮೇಲಕ್ಕೆ ಎಳೆಯೋದು. ಪಾಳಿ ಮುಗಿಸಿದವರು ಬೆಳಕಿಗೆ ಬರೋ ದಾರಿ ಅದು. 2000ರಲ್ಲಿ ಬಿಐಎಫ್‌ಆರ್, ಭಾರತ್ ಗೋಲ್ಡ್ ಮೈನ್ಸ್‌ಗೆ ಶಿಫಾರಸು ಮಾಡಿದ್ದೂ 'ವೈಂಡಿಂಗ್ ಅಪ್'. ಅಲ್ಲಿ ಮೇಲೆ ಬರೋರು ಯಾರೂ ಇಲ್ಲ, ಕಂಪನಿಯನ್ನೇ ಮುಚ್ಚೋದು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು.

ಇಂಥ ಕಡತಗಳ ಬೇರೆ ಪದಗಳನ್ನೂ ನೋಡಿ. 1985ರ ಕಾಯ್ದೆಯಲ್ಲಿ 'ಸಿಕ್' ಕಂಪನಿ ಅಂದ್ರೆ ನಷ್ಟ ಬೆಳೆದು ಬಂಡವಾಳವನ್ನೆಲ್ಲಾ ನುಂಗಿದ ಕಂಪನಿ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವನಿಗೆ ಸಿಕ್ ಅನ್ನೋದೇ ಬೇರೆ. 'ಟರ್ಮಿನಲ್' ಅಂದ್ರೆ ನಮಗೆ ಕಮಾಂಡ್ ಕೊಡೋ ಕಪ್ಪು ಪರದೆ, ಏರ್‌ಪೋರ್ಟಲ್ಲಿ ವಿಮಾನ ಹತ್ತೋ ಜಾಗ, ಆಸ್ಪತ್ರೆಯಲ್ಲಿ ಇನ್ನು ಉಳಿಯಲ್ಲ ಅನ್ನೋ ಮಾತು. 'ಟರ್ಮಿನಲ್ ಬೆನಿಫಿಟ್' ಅಂದ್ರೆ ಕೆಲಸ ಮುಗಿದವನ ಕೊನೆಯ ಲೆಕ್ಕ. ಕಡತ ಬರೆದವರಿಗೆ ಈ ಪದಗಳಲ್ಲಿ ಗೊಂದಲವೇ ಇಲ್ಲ. ಗೊಂದಲ ಏನಿದ್ರೂ ಕೆಳಗೆ ಸಹಿ ಹಾಕೋನಿಗೆ. ಅದಕ್ಕೇ ಇದು ಬರೀ ವ್ಯಾಕರಣದ ವಿಷಯ ಅಲ್ಲ ಅನ್ನೋದು.

ನಮ್ಮ ಎಸಿ ಆಫೀಸುಗಳಲ್ಲೂ ಕಥೆ ಇದೇ. ಟೀಮ್ ಮೀಟಿಂಗಲ್ಲಿ ರಿಲೀಸ್ ಅಂದ್ರೆ ಸಾಫ್ಟ್‌ವೇರ್ ಹೊರಗೆ ಹೋಗೋದು, ಕೇಕ್ ಕತ್ತರಿಸ್ತೀವಿ. ಎಚ್‌ಆರ್ ಮೇಲಲ್ಲಿ ರಿಲೀಸ್ ಅಂದ್ರೆ ಹೊರಗೆ ಹೋಗೋದು ನೀವು. ಪದದ ಅರ್ಥ ಗೊತ್ತಿದೆ ಅಂತ ಓದಿ ಮುಂದೆ ಹೋಗಬೇಡಿ. ಬರೆದವರು ಯಾರು, ಯಾವ ಕುರ್ಚಿಯಲ್ಲಿ ಕೂತು ಬರೆದಿದ್ದಾರೆ ಅಂತ ಮೊದಲು ನೋಡಿ. ಆಮೇಲೆ ಸಹಿ ಹಾಕಿ.