ಹೆಪ್ಪು ಕೊಟ್ಟವರು ಎಲ್ಲಿ?

ಜೈವಿಕ ತಂತ್ರಜ್ಞಾನದ ಚರಿತ್ರೆಯನ್ನು ಪಠ್ಯಪುಸ್ತಕಗಳು ಮೆಟ್ಟಿಲು ಹತ್ತಿದಂತೆ ಹೇಳುತ್ತವೆ. ಮೊದಲು ಸುಮೇರ್, ಈಜಿಪ್ಟುಗಳ ಬಿಯರು, ರೊಟ್ಟಿ. ಆಮೇಲೆ, ಹಾಲು ಹುಳಿಯಾಗಲು ಜೀವಾಣು ಕಾರಣವೆಂದು 1857ರಲ್ಲಿ ಹೇಳಿದ ಲೂಯಿ ಪಾಶ್ಚರ್. 1919ರಲ್ಲಿ ಈ ವಿದ್ಯೆಗೆ ಹೆಸರಿಟ್ಟ ಹಂಗೆರಿಯ ಎರೆಕಿ. 1973ರಲ್ಲಿ ಬೇರೆ ಬೇರೆ ಡಿಎನ್‌ಎ ತುಣುಕುಗಳನ್ನು ಬೆಸೆದು ಬ್ಯಾಕ್ಟೀರಿಯಾದೊಳಗೆ ಬೆಳೆಸಿದ ಕೊಹೆನ್, ಬೋಯರ್. ಈ ಕಥನದಲ್ಲಿ ನಿಜವಿದೆ, ಆದರೆ ಅರ್ಧ ಮಾತ್ರ.

ಆ ಅರ್ಧಕ್ಕೆ ಬೆಂಗಳೂರೇ ಸಾಕ್ಷಿ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತುಬಂದ ಕಿರಣ್ ಮಜುಂದಾರ್ 1978ರಲ್ಲಿ ಇಲ್ಲಿನ ಗ್ಯಾರೇಜೊಂದರಲ್ಲಿ ಬಯೋಕಾನ್ ಆರಂಭಿಸಿದರು. ಮೊದಮೊದಲು ತಯಾರಿಸಿದ್ದು ಪರಂಗಿಕಾಯಿಯ ಹಾಲಿನಿಂದ ಬರುವ ಪಪೈನ್ ಕಿಣ್ವ. 2004ರಲ್ಲಿ ಅದೇ ಸಂಸ್ಥೆ, ಬಿಯರಿನ ಯೀಸ್ಟಿಗೆ ಬಂಧುವಾದ ಇನ್ನೊಂದು ಯೀಸ್ಟಿನಿಂದ ಇನ್ಸುಲಿನ್ ತೆಗೆದು ಮಾರುಕಟ್ಟೆಗೆ ತಂದಿತು. ಒಂದು ಕಾಲಕ್ಕೆ ಹಂದಿ, ದನಗಳ ಗ್ರಂಥಿಯಿಂದ ಹಿಂಡಬೇಕಿದ್ದ ಔಷಧಿಯದು. ಹುದುಗಿಸುವ ವಿದ್ಯೆ ಮಧುಮೇಹಿಯ ಸೂಜಿಯವರೆಗೆ ಬಂದದ್ದು ದೊಡ್ಡ ಸಾಧನೆಯೇ.

ನನ್ನ ತಕರಾರು ಕೆಳಗಿನ ಮೆಟ್ಟಿಲಿನ ಬಗ್ಗೆ. ಹಳೆಯ ಕಾಲದವರು ತಿಳಿಯದೆಯೇ ಸೂಕ್ಷ್ಮಜೀವಿಗಳನ್ನು ಬಳಸಿದರು ಎಂಬ ಒಂದೇ ವಾಕ್ಯದಲ್ಲಿ ಸಾವಿರಾರು ವರ್ಷ ಮುಗಿದುಹೋಗುತ್ತದೆ. ಹೆಪ್ಪು ಹಾಕುವವರನ್ನು ಹತ್ತಿರದಿಂದ ನೋಡಿ. ಕಾಯಿಸಿದ ಹಾಲು ಉಗುರುಬೆಚ್ಚಗಾಯಿತೇ ಎಂದು ಬೆರಳದ್ದಿ ನೋಡುತ್ತಾರೆ. ಚಳಿಗಾಲಕ್ಕೆ ಹೆಪ್ಪು ತುಸು ಹೆಚ್ಚು, ಬೇಸಿಗೆಗೆ ಒಂದೆರಡು ಹನಿ. ಮೊಸರು ಲೋಳೆಯಾದರೆ ಆ ಹೆಪ್ಪನ್ನು ಕೈಬಿಟ್ಟು ಪಕ್ಕದ ಮನೆಯಿಂದ ತರುತ್ತಾರೆ. ಶಾಖದ ಅಳತೆ, ಪ್ರಮಾಣ, ತಳಿಯ ಆಯ್ಕೆ ಮೂರೂ ಇಲ್ಲಿವೆ. ಜೀವಾಣುವಿನ ಹೆಸರು ಗೊತ್ತಿರಲಿಲ್ಲ, ಅದರ ಸ್ವಭಾವ ಗೊತ್ತಿತ್ತು. ಇದನ್ನು ಆಕಸ್ಮಿಕವೆನ್ನುವುದು ಅನ್ಯಾಯ.

ಇಲ್ಲಿ ಮರೆತದ್ದು ಮೇಲಿನ ಮೆಟ್ಟಿಲಿನಲ್ಲೂ ಕಾಡುತ್ತದೆ. ಹೆಪ್ಪು ಕೊಟ್ಟವರು ಅದರ ಒಡೆತನ ಕೇಳಲಿಲ್ಲ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆನಂದ ಚಕ್ರವರ್ತಿ ರೂಪಿಸಿದ ಎಣ್ಣೆ ಅರಗಿಸುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆ ಎಂದಿತು. ಜೀವಿಯೂ ಸ್ವತ್ತಾಯಿತು. ಪಠ್ಯ ಇದನ್ನು ಇನ್ನೊಂದು ಮೈಲಿಗಲ್ಲಾಗಿ ಎಣಿಸಿ ಮುಂದೆ ಹೋಗುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಬಿಟಿ ಬದನೆಯನ್ನು ತಡೆಹಿಡಿದ ಹೊತ್ತಿಗೆ ಉಡುಪಿಯ ಮಟ್ಟುಗುಳ್ಳದಂಥ ನಾಟಿ ಬದನೆ ತಳಿಗಳ ಗತಿಯೇನೆಂಬ ಚರ್ಚೆ ಎದ್ದದ್ದೂ ಒಡೆತನದ ಈ ಗಂಟಿನಿಂದಲೇ.

ಹಾಗಾಗಿ ಜೈವಿಕ ತಂತ್ರಜ್ಞಾನದ ಪಾಠ ಮನೆಯಿಂದ ತಂದ ಒಂದು ಬಟ್ಟಲು ಮೊಸರಿನಿಂದ ಶುರುವಾಗಲಿ. ಇದರ ಹೆಪ್ಪು ಯಾರ ಮನೆಯದು ಎಂದು ಮೇಷ್ಟ್ರು ಕೇಳಲಿ. ಪೇಟೆಂಟಿನ ಪುಟಕ್ಕೆ ಬಂದಾಗ ಮಕ್ಕಳಿಗೆ ಆ ಪ್ರಶ್ನೆ ನೆನಪಿರುತ್ತದೆ.