ಬಿಯರು ಮಾರಿದ ಮುಖಗಳು

ಬಿಯರಿನ ಜಾಹೀರಾತಿನ ಬಗ್ಗೆ ಶಾಲಾ ಶಿಕ್ಷಕಿಯೊಬ್ಬಳು ಬರೆಯುವುದೇ ಎಂದು ಹುಬ್ಬೇರಿಸಬೇಡಿ. ನಾನು ಹೇಳಹೊರಟಿರುವುದು ಬಾಟಲಿಯೊಳಗಿನದರ ಬಗ್ಗೆ ಅಲ್ಲ, ಅದರ ಪಕ್ಕದಲ್ಲಿ ನಿಲ್ಲಿಸಿದ ಹೆಣ್ಣುಮಗಳ ಬಗ್ಗೆ.

ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡ ಮೇಲೆ ಊರೂರಿಗೆ ಒಂದೊಂದು ಲಾಗರ್ ಬಿಯರ್ ಇತ್ತು. ಲಾಗರ್ ಎಂದರೆ ತಂಪಿನಲ್ಲಿ ವಾರಗಟ್ಟಲೆ ಇಟ್ಟು ಹದಗೊಳಿಸಿದ್ದು. ಬಾರ್ಲಿಯ ಜೊತೆ ಜೋಳವನ್ನೋ ಅಕ್ಕಿಯನ್ನೋ ಬೆರೆಸಿ ತೆಳುವಾಗಿಸಿದ ಈ ಬಿಯರುಗಳ ರುಚಿಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲವಂತೆ. ರುಚಿಯಲ್ಲಿ ಇಲ್ಲದ ಗುರುತನ್ನು ಮುಖದಿಂದ ತರಬೇಕಲ್ಲ! ಮಿಲ್ವಾಕಿಯ ಬ್ಲಾಟ್ಜ್ ಬಿಯರಿಗೆ ಪಿಯಾನೋ ವಾದಕ ಲಿಬರಾಚೆ ಬಂದ. 1977ರಲ್ಲಂತೂ ಅಧ್ಯಕ್ಷ ಕಾರ್ಟರರ ತಮ್ಮ ಬಿಲ್ಲಿಯ ಹೆಸರಿನಲ್ಲೇ ಒಂದು ಬಿಯರು ಬಂತು. ಮಾರನೆಯ ವರ್ಷವೇ ಅದನ್ನು ತಯಾರಿಸಿದ ಕಂಪನಿ ಮುಚ್ಚಿತು. ಅಣ್ಣನ ಪದವಿ ಎಷ್ಟು ದಿನ ಮಾರಾಟವಾದೀತು?

ಎಲ್ಲರಿಗಿಂತ ಜಾಣತನ ತೋರಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ರೈನ್‌ಗೋಲ್ಡ್. 1940ರಲ್ಲಿ ಟೆನಿಸ್ ಆಡುತ್ತಿದ್ದ ನಟಿ ಜಿಂಕ್ಸ್ ಫಾಲ್ಕನ್‌ಬರ್ಗ್ 'ಮಿಸ್ ರೈನ್‌ಗೋಲ್ಡ್' ಆದಳು. ಆಮೇಲೆ ಆಯ್ಕೆಯನ್ನು ಜನರಿಗೇ ಬಿಟ್ಟರು. ಆರು ಹುಡುಗಿಯರ ಚಿತ್ರವಿದ್ದ ಚೀಟಿ, ಪೆಟ್ಟಿಗೆ. ಅದೂ ಬರೀ ಮದ್ಯದಂಗಡಿಯಲ್ಲಲ್ಲ, ದಿನಸಿ ಅಂಗಡಿಯಲ್ಲಿ. ನನಗೆ ಮುಖ್ಯವಾಗಿ ಕಾಣುವುದು ಇದೇ. 1935ರಿಂದ ಬಿಯರು ಡಬ್ಬದಲ್ಲಿ ಬರತೊಡಗಿತ್ತು, ಮನೆಗೆ ಫ್ರಿಜ್ಜೂ ಬಂದಿತ್ತು. ಸಾಮಾನು ಕೊಳ್ಳುವವಳು ಗೃಹಿಣಿ. ಅವಳ ಕಣ್ಣಿಗೆ ಕುಡುಕರ ಪಾನೀಯ ಮರ್ಯಾದಸ್ಥರ ಪಾನೀಯವಾಗಿ ಕಾಣಬೇಕು. ಅದಕ್ಕೇ ಆ ಚಿತ್ರಗಳಲ್ಲಿ ಹುಡುಗಿಯರು ಚೊಕ್ಕ ಉಡುಪಿನಲ್ಲಿ, ಕೈಗವುಸು ಹಾಕಿಕೊಂಡು, ಪಕ್ಕದ ಮನೆಯ ಮಗಳಂತೆ ನಗುತ್ತಾರೆ. ಚಿತ್ರಗಳು ಚೆನ್ನಾಗಿವೆ, ಇಲ್ಲವೆನ್ನಲಾರೆ. ಆದರೆ ಹತ್ತು ಚಿತ್ರ ನೋಡಿದ ಮೇಲೂ ಇವಳು ಯಾರು, ಅವಳು ಯಾರು ಎಂದು ಹೇಳಲು ನನಗಾಗಲಿಲ್ಲ. ಎಲ್ಲರದೂ ಒಂದೇ ನಗು.

ಕೋಟಿಗಟ್ಟಲೆ ಮತ ಬಿತ್ತೆಂದು ಕಂಪನಿ ಹೇಳಿಕೊಳ್ಳುತ್ತಿತ್ತು. ಒಬ್ಬರೇ ಎಷ್ಟು ಚೀಟಿ ಹಾಕಿದರೂ ತಡೆಯುವವರಿರಲಿಲ್ಲ. ಆದರೂ ಜನ ಅದನ್ನು ತಮ್ಮ ಚುನಾವಣೆ ಎಂದೇ ನಂಬಿದರು. ಆರು ಜನರನ್ನು ಆರಿಸಿದವರು ಯಾರು ಎಂದು ಎಷ್ಟು ಮಂದಿ ಕೇಳಿದರೋ!

ಇದೇ ಕಂಪನಿಯ ಇನ್ನೊಂದು ಮುಖವನ್ನೂ ಹೇಳಬೇಕು. 1956ರಲ್ಲಿ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ಟಿ.ವಿ. ಕಾರ್ಯಕ್ರಮ ಶುರುವಾದಾಗ ಇಡೀ ದೇಶಕ್ಕೆ ಪ್ರಾಯೋಜಕರಾಗಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ನ್ಯೂಯಾರ್ಕಿನ ಮಟ್ಟಿಗೆ ಹಣ ಕೊಟ್ಟದ್ದು ರೈನ್‌ಗೋಲ್ಡ್. ಧೈರ್ಯದ ಕೆಲಸವೇ. ಆದರೆ ಕಪ್ಪು ಗಂಡಸಿನ ಹಾಡಿಗೆ ತೆರೆದ ಬಾಗಿಲು ಕಪ್ಪು ಹುಡುಗಿಯ ಮುಖಕ್ಕೆ ತೆರೆಯಲಿಲ್ಲ. ಮಿಸ್ ರೈನ್‌ಗೋಲ್ಡ್ ಆದವರಲ್ಲಿ ಅಂಥವಳು ಒಬ್ಬಳೂ ಇಲ್ಲ. ಕೋಲ್ ಅವರ ಕಾರ್ಯಕ್ರಮ 1957ರ ಡಿಸೆಂಬರಿನಲ್ಲಿ ನಿಂತಿತು. ಚೀಟಿಯ ಆಟ ಮಾತ್ರ 1964ರವರೆಗೂ ನಡೆಯಿತು.